ಸ್ವಪಕ್ಷದ ದೋಷವನ್ನು ನುಡಿದ ಲೇಖನಿ: ಗಾರ್ಕಿಯ ‘ಅಕಾಲಿಕ ಚಿಂತನೆಗಳು’

ಮ್ಯಾಕ್ಸಿಮ್ ಗಾರ್ಕಿಯ ಹೆಸರು ಕನ್ನಡದ ಓದುಗರಿಗೆ ಅಪರಿಚಿತವಲ್ಲ. 1906ರಲ್ಲಿ ಪ್ರಕಟವಾದ ಅವನ ಕಾದಂಬರಿಯು ‘ತಾಯಿ’ ಎಂಬ ಹೆಸರಿನಿಂದ ನಮ್ಮ ಭಾಷೆಯಲ್ಲಿಯೂ ವ್ಯಾಪಕವಾಗಿ ಓದಲ್ಪಟ್ಟಿದೆ. ಅದಕ್ಕೂ ಮುನ್ನವೇ, 1905ರಲ್ಲಿ, ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರು ತಮ್ಮ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಈ ಲೇಖಕನನ್ನು ಭಾರತೀಯರಿಗೆ ಪರಿಚಯಿಸಿದ್ದರು. ಆದರೆ ಗಾರ್ಕಿಯ ಬರಹಗಳಲ್ಲಿ ನೀತಿಯ ದೃಷ್ಟಿಯಿಂದ ಅತ್ಯಂತ ಮಹತ್ತ್ವದ್ದಾದ ಒಂದು ಕೃತಿ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅದು ಕಥೆಯೂ ಅಲ್ಲ, ಕಾದಂಬರಿಯೂ ಅಲ್ಲ. 1917 ಮತ್ತು 1918ರಲ್ಲಿ ದಿನಪತ್ರಿಕೆಯೊಂದಕ್ಕೆ ಬರೆದ ಲೇಖನಗಳ ಸಂಗ್ರಹ. ಅದರ ಹೆಸರು ‘ಅಕಾಲಿಕ ಚಿಂತನೆಗಳು’.

ಹೆಸರೇ ಕೃತಿಯ ಸ್ವಭಾವವನ್ನು ಸೂಚಿಸುತ್ತದೆ. ಎಲ್ಲರೂ ಜಯಘೋಷದಲ್ಲಿ ಮುಳುಗಿರುವಾಗ ಜಯದ ಬೆಲೆಯನ್ನು ಕೇಳುವವನ ಮಾತು ಅಕಾಲಿಕವೆಂದೇ ತೋರುತ್ತದೆ. ಗಾರ್ಕಿ ಕ್ರಾಂತಿಯ ಶತ್ರುವಾಗಿರಲಿಲ್ಲ. 1905ರಿಂದಲೂ ಅವನು ಬೊಲ್ಷೆವಿಕ್ ಪಕ್ಷಕ್ಕೆ ನಿಕಟನಾಗಿದ್ದನು, ಅದಕ್ಕೆ ಹಣ ಕೊಟ್ಟನು, 1906ರಲ್ಲಿ ಹಣ ಸಂಗ್ರಹಕ್ಕಾಗಿ ಅಮೆರಿಕದವರೆಗೂ ಹೋದನು. ಇಟಲಿಯ ಕಾಪ್ರಿ ದ್ವೀಪದಲ್ಲಿ ಅವನು ದೇಶಭ್ರಷ್ಟನಾಗಿ ನೆಲೆಸಿದ್ದಾಗ ಲೆನಿನ್ 1908ರಲ್ಲಿಯೂ 1910ರಲ್ಲಿಯೂ ಅವನ ಅತಿಥಿಯಾಗಿದ್ದನು. ಇಂತಹ ಮನುಷ್ಯನು ತನ್ನ ಆಪ್ತರೇ ಅಧಿಕಾರಕ್ಕೆ ಬಂದ ಘಳಿಗೆಯಲ್ಲಿ ಅವರ ದೋಷವನ್ನು ಎತ್ತಿ ಹೇಳಿದನೆಂಬುದೇ ಈ ಕೃತಿಯ ವೈಶಿಷ್ಟ್ಯ. ಪರಪಕ್ಷದ ದೋಷವನ್ನು ಕಾಣುವುದಕ್ಕೆ ವಿಶೇಷ ಧೈರ್ಯ ಬೇಕಾಗಿಲ್ಲ. ಸ್ವಪಕ್ಷದ ದೋಷವನ್ನು ಕಂಡು ನುಡಿಯುವುದು ದುಷ್ಕರವಾದ ವ್ರತ.

ಕೃತಿಯನ್ನು ಅರಿಯಲು ಅದರ ಕಾಲವನ್ನು ಸಂಕ್ಷೇಪವಾಗಿಯಾದರೂ ಅರಿಯಬೇಕು. ರಷ್ಯದಲ್ಲಿ ಆಗ ಬಳಕೆಯಲ್ಲಿದ್ದ ಹಳೆಯ ಪಂಚಾಂಗವು ಉಳಿದ ಜಗತ್ತಿನ ಪಂಚಾಂಗಕ್ಕಿಂತ 13 ದಿನ ಹಿಂದಿತ್ತು. ಆದುದರಿಂದಲೇ ಮಾರ್ಚ್ 8ರಂದು ಆರಂಭವಾದುದು ‘ಫೆಬ್ರವರಿ ಕ್ರಾಂತಿ’ಯೆಂದೂ ನವೆಂಬರ್ 7ರಂದು ಘಟಿಸಿದುದು ‘ಅಕ್ಟೋಬರ್ ಕ್ರಾಂತಿ’ಯೆಂದೂ ಪ್ರಸಿದ್ಧವಾದವು. ಮುಂದೆ 1918ರ ಫೆಬ್ರವರಿಗಿಂತ ಹಿಂದಿನ ರಷ್ಯದ ಘಟನೆಗಳಿಗೆ ಹಳೆಯ ಪಂಚಾಂಗದ ದಿನಾಂಕಗಳನ್ನೇ ಕೊಡಲಾಗಿದೆ.

1917ರ ಫೆಬ್ರವರಿ 23ರಂದು ಪೆಟ್ರೋಗ್ರಾಡ್ ನಗರದ ಕಾರ್ಮಿಕ ಸ್ತ್ರೀಯರು ರೊಟ್ಟಿಗಾಗಿ ಬೀದಿಗಿಳಿದರು. ನಾಲ್ಕು ದಿನಗಳಲ್ಲಿ ನಗರದ ಸೈನ್ಯವೇ ಜನರ ಕಡೆಗೆ ಬಂದಿತು. ಮಾರ್ಚ್ 2ರಂದು ಎರಡನೆಯ ನಿಕೊಲಾಸ್ ಸಿಂಹಾಸನವನ್ನು ತ್ಯಜಿಸಿದನು. ಮುನ್ನೂರು ವರ್ಷಗಳ ರೊಮಾನೊವ್ ರಾಜವಂಶವು ಒಂದು ವಾರದಲ್ಲಿ ಅಸ್ತವಾಯಿತು. ಆ ಬಳಿಕ ಒಂದೇ ನಗರದಲ್ಲಿ ಎರಡು ಅಧಿಕಾರ ಕೇಂದ್ರಗಳು ಹುಟ್ಟಿಕೊಂಡವು: ಒಂದು, ರಾಜಕುಮಾರ ಲ್ವೋವ್ ನೇತೃತ್ವದ ತಾತ್ಕಾಲಿಕ ಸರಕಾರ, ಮತ್ತೊಂದು, ಕಾರ್ಮಿಕರ ಮತ್ತು ಸೈನಿಕರ ಪ್ರತಿನಿಧಿಗಳ ಸೋವಿಯತ್. ಮೊದಲನೆಯದಕ್ಕೆ ಹೊಣೆ ಇತ್ತು, ಬಲವಿರಲಿಲ್ಲ. ಎರಡನೆಯದಕ್ಕೆ ಬಲವಿತ್ತು, ಹೊಣೆ ಹೊರುವ ಮನಸ್ಸಿರಲಿಲ್ಲ. ಯುದ್ಧ, ಭೂಮಿ, ಅನ್ನ ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಆ ಎಂಟು ತಿಂಗಳಲ್ಲಿ ಉತ್ತರ ದೊರೆಯಲಿಲ್ಲ. ಏಪ್ರಿಲ್‌ನಲ್ಲಿ ಯುದ್ಧವನ್ನು ಮುಂದುವರಿಸುವ ಮಾತನ್ನಾಡಿದ ವಿದೇಶಾಂಗ ಮಂತ್ರಿ ಮಿಲ್ಯುಕೋವ್ ಮೇ ಆರಂಭದಲ್ಲಿ ಪದವಿಯನ್ನು ಬಿಡಬೇಕಾಯಿತು. ಜೂನ್‌ನ ಸೈನಿಕ ಆಕ್ರಮಣ ವಿಫಲವಾಯಿತು. ಜುಲೈ ಮೊದಲ ವಾರದಲ್ಲಿ ರಾಜಧಾನಿಯ ಬೀದಿಗಳಲ್ಲಿ ಗುಂಡು ಹಾರಿದವು. ಆಗಸ್ಟ್ ಅಂತ್ಯದಲ್ಲಿ ಸೇನಾಪತಿ ಕಾರ್ನಿಲೋವ್ ಬಂಡೆದ್ದು ಸೋತನು. ಅಕ್ಟೋಬರ್ 25ರಂದು ಅಧಿಕಾರ ಬೊಲ್ಷೆವಿಕರ ಕೈ ಸೇರಿತು.

ಗಾರ್ಕಿಯ ‘ನೋವಾಯ ಝಿಜ್ನ್’, ಅಂದರೆ ‘ಹೊಸ ಬಾಳು’, ಎಂಬ ಪತ್ರಿಕೆಯು 1917ರ ಏಪ್ರಿಲ್ 18ರಂದು ಆರಂಭವಾಗಿ 1918ರ ಜುಲೈ 16ರಂದು ಶಾಶ್ವತವಾಗಿ ಮುಚ್ಚಲ್ಪಟ್ಟಿತು. ಹದಿನಾಲ್ಕು ತಿಂಗಳಿಗೆ ಮಿಕ್ಕಿದ ಆಯುಸ್ಸು ಮಾತ್ರ. ಹಳೆಯ ಅರಸೊತ್ತಿಗೆಯ ಪತನಾನಂತರದ ಸ್ವಾತಂತ್ರ್ಯ, ಎರಡನೆಯ ಕ್ರಾಂತಿ, ಅನಂತರದ ದಮನ ಈ ಮೂರನ್ನೂ ಅದು ಕಂಡಿತು. ಎಲ್ಲೆಡೆಯೂ ಒಂದೇ ಮಾನದಂಡವನ್ನು ಬಳಸಿತೆಂಬುದು ಲೇಖನಗಳನ್ನು ಕ್ರಮವಾಗಿ ಓದಿದವರಿಗೆ ಮನವರಿಕೆಯಾಗುತ್ತದೆ.

ಮೊದಲ ಭಾಗದ ಲೇಖನಗಳಲ್ಲಿ ಗಾರ್ಕಿಯ ಆತಂಕವಿರುವುದು ಸರಕಾರದ ಬಗ್ಗೆ ಅಲ್ಲ, ಮನುಷ್ಯರ ಬಗ್ಗೆ. ಬೀದಿಯಲ್ಲಿ ಸಿಕ್ಕ ಕಳ್ಳನನ್ನು ಗುಂಪು ಹೊಡೆದು ಕೊಲ್ಲುವುದು, ಯೆಹೂದ್ಯರ ಮೇಲೆ ದ್ವೇಷ ಬಿತ್ತುವುದು, ಪತ್ರಿಕೆಗಳು ಪರಸ್ಪರ ಕೆಸರೆರಚುವುದು, ಕಲಾಕೃತಿಗಳು ಲೂಟಿಯಾಗುವುದು ಇವೆಲ್ಲವನ್ನೂ ಅವನು ಹೆಸರಿಸಿ ಖಂಡಿಸುತ್ತಾನೆ. ರಾಜನು ಹೋದ ಮಾತ್ರಕ್ಕೆ ರಾಜನ ಕಾಲದ ಕ್ರೌರ್ಯ ಹೋಗುವುದಿಲ್ಲ, ಅದು ಆಳಿಸಿಕೊಂಡವರ ರಕ್ತದಲ್ಲಿಯೂ ಇಳಿದಿರುತ್ತದೆ ಎಂಬುದು ಅವನ ವಾದದ ಸಾರ. ಹೊರಗಿನ ಶತ್ರುವನ್ನು ಗೆದ್ದ ಜನರು ಒಳಗಿನ ಶತ್ರುವನ್ನು ಗೆಲ್ಲದಿದ್ದರೆ ಗೆಲುವು ಅಪೂರ್ಣವೆಂಬ ಈ ಮಾತು ನಮ್ಮ ಓದುಗರಿಗೆ ವಿವರಣೆಯಿಲ್ಲದೆಯೇ ಅರ್ಥವಾಗುವಂಥದು.

ಇಲ್ಲಿ ಆ ಕಾಲದ ಒಂದು ಸಂಗತಿಯನ್ನು ನೆನೆಯಬೇಕು. 1917ರ ಮಾರ್ಚ್ 12ರಂದು ತಾತ್ಕಾಲಿಕ ಸರಕಾರವು ಮರಣದಂಡನೆಯನ್ನು ರದ್ದುಗೊಳಿಸಿತು. ಯುದ್ಧನಿರತ ರಾಷ್ಟ್ರವೊಂದು ಅಂತಹ ನಿರ್ಧಾರ ಕೈಗೊಂಡುದು ಇತಿಹಾಸದಲ್ಲಿ ಅಪರೂಪ. ಆದರೆ ಸರಿಯಾಗಿ ನಾಲ್ಕು ತಿಂಗಳಿಗೆ, ಜುಲೈ 12ರಂದು, ಕೆರೆನ್‌ಸ್ಕಿಯ ಸರಕಾರವೇ ಯುದ್ಧಭೂಮಿಯಲ್ಲಿ ಅದನ್ನು ಮರಳಿ ತಂದಿತು. ಅಕ್ಟೋಬರ್‌ನಲ್ಲಿ ಅಧಿಕಾರ ಹಿಡಿದ ಸೋವಿಯತ್ ಮಹಾಧಿವೇಶನವು ಮತ್ತೆ ರದ್ದುಪಡಿಸಿತು. 1918ರ ಜೂನ್ ತಿಂಗಳಲ್ಲಿ ಹೊಸ ಸರಕಾರವೂ ಅದನ್ನು ಪುನಃ ಜಾರಿಗೆ ತಂದಿತು. ಒಂದೂಕಾಲು ವರ್ಷದಲ್ಲಿ ಎರಡು ಸರಕಾರಗಳು ಕೊಲ್ಲುವುದಿಲ್ಲವೆಂಬ ಸಂಕಲ್ಪವನ್ನು ಕೈಗೊಂಡು ಎರಡೂ ಅದನ್ನು ಮುರಿದವು. ಪ್ರತಿ ಬಾರಿಯೂ ನೀಡಿದ ಕಾರಣ ಒಂದೇ: ಆಪತ್ಕಾಲ. ಅನುಕೂಲ ಕಾಲದಲ್ಲಿ ಮಾತ್ರ ಪಾಲಿಸುವ ನಿಯಮಕ್ಕೆ ನಿಯಮವೆಂಬ ಹೆಸರು ಸಲ್ಲದೆಂಬ ಸತ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು.

ಕೃತಿಯ ಅತ್ಯಂತ ಸತ್ತ್ವಯುತವಾದ ಭಾಗ ಅಕ್ಟೋಬರ್ 18ರಿಂದ ಆರಂಭವಾಗುತ್ತದೆ. ಅಂದಿನ ‘ಹೊಸ ಬಾಳು’ ಸಂಚಿಕೆಯಲ್ಲಿ ಎರಡು ಬರಹಗಳಿದ್ದವು. ಒಂದು, ಬೊಲ್ಷೆವಿಕ್ ಮುಖಂಡ ಕಾಮೆನೆವ್‌ನದು; ಸಶಸ್ತ್ರ ಬಂಡಾಯಕ್ಕೆ ತನ್ನ ಮತ್ತು ಝಿನೊವಿಯೆವ್‌ನ ವಿರೋಧವಿದೆಯೆಂದು ಅವನು ಬಹಿರಂಗವಾಗಿ ತಿಳಿಸಿದನು. ಲೆನಿನ್ ಕ್ರುದ್ಧನಾಗಿ ಇಬ್ಬರನ್ನೂ ಪಕ್ಷದಿಂದ ಹೊರಹಾಕುವಂತೆ ಆಗ್ರಹಿಸಿದನು. ಇನ್ನೊಂದು ಗಾರ್ಕಿಯದು. ಮೌನವಾಗಿರುವುದು ಸಲ್ಲದು ಎಂಬುದೇ ಅದರ ಶಿರೋನಾಮೆಯ ತಾತ್ಪರ್ಯ. ಜುಲೈನ ರಕ್ತಪಾತ ಮರುಕಳಿಸಲಿದೆಯೆಂಬ ವದಂತಿ ಹಬ್ಬಿರುವಾಗ ಪಕ್ಷವು ಅದನ್ನು ನಿರಾಕರಿಸಲಿ ಎಂದು ಅವನು ಕೇಳಿದನು. ನಿರಾಕರಣೆ ಬರಲಿಲ್ಲ, ವಾರದೊಳಗೆ ಕ್ರಾಂತಿಯೇ ಬಂದಿತು.

ಅನಂತರದ ನವೆಂಬರ್ ಲೇಖನಗಳಲ್ಲಿ ಗಾರ್ಕಿ ಲೆನಿನ್‌ನ ಸಾಮರ್ಥ್ಯವನ್ನು ಅಲ್ಲಗಳೆಯುವುದಿಲ್ಲ, ಮುಖಂಡನಿಗೆ ಬೇಕಾದ ಗುಣಗಳು ಅವನಲ್ಲಿವೆಯೆಂದು ಒಪ್ಪುತ್ತಾನೆ. ಆದರೆ ಅವನನ್ನು ಪ್ರಯೋಗಶಾಲೆಯ ರಸಾಯನಶಾಸ್ತ್ರಜ್ಞನಿಗೆ ಹೋಲಿಸಿ ಒಂದು ಭೇದವನ್ನು ತೋರಿಸುತ್ತಾನೆ: ಶಾಸ್ತ್ರಜ್ಞನು ನಿರ್ಜೀವ ದ್ರವ್ಯದ ಮೇಲೆ ಪ್ರಯೋಗ ನಡೆಸುತ್ತಾನೆ, ಈ ನಾಯಕನ ಕೈಯಲ್ಲಿರುವುದು ಜೀವಂತ ಮನುಷ್ಯರು. ಜೀವವಿರುವುದನ್ನು ಜೀವವಿಲ್ಲದ್ದರಂತೆ ಕಾಣುವುದೇ ಹಿಂಸೆಯ ಮೂಲವೆಂಬ ಅರಿವು ಈ ಹೋಲಿಕೆಯಲ್ಲಿದೆ. ಧ್ಯೇಯ ಎಷ್ಟೇ ಉನ್ನತವಾಗಿರಲಿ, ಎದುರಿಗಿರುವವನನ್ನು ಕೇವಲ ಸಾಧನದ್ರವ್ಯವೆಂದು ಎಣಿಸಿದ ಕ್ಷಣದಲ್ಲಿಯೇ ಪತನ ಆರಂಭವಾಗುತ್ತದೆ.

ಸಂಗ್ರಹದ ಶಿಖರವೆನ್ನಬಹುದಾದ ಲೇಖನ 1918ರ ಜನವರಿ 9ರದು. ಅದರ ಹಿನ್ನೆಲೆ ಹೀಗಿದೆ. 1917ರ ನವೆಂಬರ್‌ನಲ್ಲಿ ಸಂವಿಧಾನ ಸಭೆಗೆ ನಡೆದ ಚುನಾವಣೆಯಲ್ಲಿ ಬೊಲ್ಷೆವಿಕರಿಗೆ ದೊರೆತುದು ಸುಮಾರು ಕಾಲುಭಾಗ ಮತಗಳು ಮಾತ್ರ. ರೈತರ ಬೆಂಬಲವಿದ್ದ ಸಮಾಜವಾದಿ ಕ್ರಾಂತಿಕಾರಿ ಪಕ್ಷವು ಅವರಿಗಿಂತ ಬಹಳ ಮುಂದಿತ್ತು. 1918ರ ಜನವರಿ 5ರಂದು ಸಭೆ ಸೇರಿತು. ಅದನ್ನು ಬೆಂಬಲಿಸಿ ಹೊರಟ ನಿರಾಯುಧರ ಮೆರವಣಿಗೆಯ ಮೇಲೆ ಗುಂಡು ಹಾರಿಸಲಾಯಿತು. ಮರುದಿನ ಬೆಳಗಾಗುವುದರೊಳಗೆ ಸಭೆಯ ಆಯುಸ್ಸೂ ಮುಗಿದಿತ್ತು. ಗಾರ್ಕಿ ಈ ಜನವರಿ 5ನ್ನು 1905ರ ಜನವರಿ 9ರ ಪಕ್ಕದಲ್ಲಿ ಇಟ್ಟು ತೂಗಿದನು. ಆ ‘ರಕ್ತಸಿಕ್ತ ಭಾನುವಾರ’ದಂದು ಜಾರ್ ಚಕ್ರವರ್ತಿಗೆ ಮನವಿ ಕೊಡಲು ಹೊರಟ ಕಾರ್ಮಿಕರ ಮೇಲೆ ಸೈನ್ಯ ಗುಂಡು ಹಾರಿಸಿತ್ತು. ಅದರ ಹಿಂದಿನ ದಿನ ರಕ್ತಪಾತವನ್ನು ತಪ್ಪಿಸುವಂತೆ ಮಂತ್ರಿಗಳನ್ನು ಬೇಡಲು ಹೋದ ನಿಯೋಗದಲ್ಲಿ ಗಾರ್ಕಿಯೂ ಇದ್ದನು, ಅನಂತರ ಸೆರೆಮನೆಯನ್ನೂ ಕಂಡನು. ಅಂದು ಗುಂಡು ಹಾರಿಸಿದವರು ಚಕ್ರವರ್ತಿಯ ಸೈನಿಕರು. ಇಂದು ಹಾರಿಸಿದವರು ಕಾರ್ಮಿಕರ ಹೆಸರಿನಲ್ಲಿ ಆಳುವವರು. ಸತ್ತವರು ಎರಡು ದಿನವೂ ನಿರಾಯುಧರು. ಬಂದೂಕನ್ನು ಹಿಡಿದ ಕೈ ಬದಲಾದರೆ ಕೃತ್ಯದ ಸ್ವರೂಪ ಬದಲಾಗುತ್ತದೆಯೇ ಎಂಬುದು ಲೇಖನದ ಪ್ರಶ್ನೆ. ಬದಲಾಗುವುದಿಲ್ಲ ಎಂಬುದೇ ಅದರ ನಿಸ್ಸಂದಿಗ್ಧವಾದ ಉತ್ತರ.

ಇದೇ ಕಾಲವನ್ನು ಕುರಿತ ಮತ್ತೊಂದು ಪ್ರಸಿದ್ಧ ಕೃತಿ ಅಮೆರಿಕದ ಪತ್ರಕರ್ತ ಜಾನ್ ರೀಡ್‌ನ ‘ಜಗತ್ತನ್ನು ನಡುಗಿಸಿದ ಹತ್ತು ದಿನಗಳು’. 1919ರಲ್ಲಿ ಪ್ರಕಟವಾದ ಆ ಗ್ರಂಥಕ್ಕೆ ಲೆನಿನ್ ಮುನ್ನುಡಿ ಬರೆದನು. ಎರಡನ್ನೂ ಒಟ್ಟಿಗೆ ಓದುವುದು ಪ್ರಯೋಜನಕರ. ರೀಡ್‌ನಲ್ಲಿ ಉತ್ಸಾಹವಿದೆ, ಸಭೆಗಳ ಗದ್ದಲವಿದೆ, ಶತಮಾನಗಳಿಂದ ತುಳಿತಕ್ಕೊಳಗಾದವರು ಮೊದಲ ಬಾರಿಗೆ ಎದ್ದು ನಿಂತು ಮಾತನಾಡಿದ ಸಂಭ್ರಮವಿದೆ. ಆ ಸಂಭ್ರಮ ಸುಳ್ಳಲ್ಲ. ಗಾರ್ಕಿಯನ್ನು ಮಾತ್ರ ಓದಿದವನಿಗೆ ಅದು ಕಾಣದೆ ಹೋಗುವ ಸಂಭವವಿದೆ. ಆದರೆ ರೀಡ್ ಬರೆದುದು ಹತ್ತು ದಿನಗಳ ಕಿರ್ದಿ, ಗಾರ್ಕಿ ಬರೆದುದು ಹದಿನಾಲ್ಕು ತಿಂಗಳುಗಳ ಖಾತೆ. ಕಿರ್ದಿಯಲ್ಲಿ ದಿನದ ವಹಿವಾಟು ಕಾಣುತ್ತದೆ. ನಷ್ಟವೆಷ್ಟೆಂಬುದು ಖಾತೆ ಎತ್ತಿದಾಗಲೇ ತಿಳಿಯುತ್ತದೆ. ವಿಪರ್ಯಾಸವೆಂದರೆ, ಮುಂದೆ ಸ್ಟಾಲಿನ್‌ನ ಆಳ್ವಿಕೆಯಲ್ಲಿ ನಿಂದಿಸಿದ ಗಾರ್ಕಿಯ ಲೇಖನಗಳಂತೆಯೇ ಸ್ತುತಿಸಿದ ರೀಡ್‌ನ ಪುಸ್ತಕವೂ ಮರೆಯಾಯಿತು. ಅದರಲ್ಲಿ ಟ್ರಾಟ್‌ಸ್ಕಿಯ ಹೆಸರು ಹೆಚ್ಚಾಗಿಯೂ ಸ್ಟಾಲಿನ್‌ನ ಹೆಸರು ಅತ್ಯಲ್ಪವಾಗಿಯೂ ಇತ್ತು.

ಇಷ್ಟು ಗುಣಗಳಿದ್ದರೂ ‘ಅಕಾಲಿಕ ಚಿಂತನೆಗಳು’ ನಿರ್ದುಷ್ಟವಾದ ಕೃತಿಯೆಂದು ಹೇಳಲಾಗದು. ಮೊದಲನೆಯದಾಗಿ, ರೈತರ ವಿಷಯದಲ್ಲಿ ಗಾರ್ಕಿ ನ್ಯಾಯಸಮ್ಮತನಾಗಿಲ್ಲ. ಹಳ್ಳಿಯೆಂದರೆ ಅವನಿಗೆ ಕತ್ತಲೆ. ಆ ಕತ್ತಲೆಯು ನಗರದ ಅಲ್ಪಸಂಖ್ಯಾತ ಕಾರ್ಮಿಕರನ್ನೂ ವಿದ್ಯಾವಂತರನ್ನೂ ನುಂಗಿಬಿಡುತ್ತದೆಂಬ ಭಯ ಅವನನ್ನು ಬಿಡಲೇ ಇಲ್ಲ. ದೇಶದ ಬಹುಸಂಖ್ಯಾತರು ರೈತರೇ ಆಗಿದ್ದರು. ಯುದ್ಧದ ಸೇನೆಯಲ್ಲಿಯೂ ಅವರದೇ ಸಿಂಹಪಾಲು. ಭೂಮಿಯ ಪ್ರಶ್ನೆಯನ್ನು ಸಂವಿಧಾನ ಸಭೆ ಸೇರುವವರೆಗೆ ಎಂದು ತಾತ್ಕಾಲಿಕ ಸರಕಾರವು ಮುಂದೂಡುತ್ತ ಹೋದುದರಿಂದ ಅವರಲ್ಲಿ ಎಂತಹ ಹತಾಶೆ ಮಡುಗಟ್ಟಿತೆಂಬುದನ್ನು ಅವನು ಸಾಕಷ್ಟು ತೂಗಿ ನೋಡಿಲ್ಲ. ವ್ಯಕ್ತಿಯ ಕ್ರೌರ್ಯವನ್ನು ಖಂಡಿಸುವುದು ಒಂದು, ಇಡೀ ಜನಸಮುದಾಯದ ಸ್ವಭಾವವೇ ಕ್ರೂರವೆಂದು ತೀರ್ಪು ಕೊಡುವುದು ಮತ್ತೊಂದು. ಗಾರ್ಕಿ ಹಲವೆಡೆ ಈ ಗೆರೆಯನ್ನು ದಾಟುತ್ತಾನೆ. ಮನುಷ್ಯರನ್ನು ದ್ರವ್ಯವೆಂದು ಕಂಡವರನ್ನು ಆಕ್ಷೇಪಿಸಿದವನೇ ರೈತರನ್ನು ಒಂದೇ ಮುದ್ದೆಯಾಗಿ ಕಂಡನೆಂಬುದು ಅವನ ವಾದದೊಳಗಿನ ದೋಷ.

ಎರಡನೆಯದಾಗಿ, ಆರ್ಥಿಕ ಕಾರಣಗಳಿಗೆ ಈ ಲೇಖನಗಳಲ್ಲಿ ದೊರೆತಿರುವ ಸ್ಥಾನ ಕಿರಿದು. 1917ರ ಮಾರ್ಚ್ 25ರಂದೇ ತಾತ್ಕಾಲಿಕ ಸರಕಾರವು ಧಾನ್ಯ ವ್ಯಾಪಾರವನ್ನು ತನ್ನ ಏಕಸ್ವಾಮ್ಯವನ್ನಾಗಿ ಮಾಡಿಕೊಂಡು ಬೆಲೆಯನ್ನು ನಿಗದಿಪಡಿಸಿತು. ಆದರೆ ಧಾನ್ಯ ಮಾರಿದ ರೈತನು ಆ ಹಣದಿಂದ ಕೊಳ್ಳಲು ಪೇಟೆಯಲ್ಲಿ ಬಟ್ಟೆಯೂ ಇರಲಿಲ್ಲ, ಮೊಳೆಯೂ ಇರಲಿಲ್ಲ. ಧಾನ್ಯ ಕಣಜದಲ್ಲಿಯೇ ಉಳಿಯಿತು. ಆಗಸ್ಟ್ ಅಂತ್ಯದಲ್ಲಿ, ಬೆಲೆಯನ್ನು ಏರಿಸುವುದಿಲ್ಲವೆಂದು ಹೇಳಿಕೊಂಡು ಬಂದಿದ್ದ ಸರಕಾರವೇ ಅದನ್ನು ಇಮ್ಮಡಿಗೊಳಿಸಿತು. ಮಾತಿಗೆ ಬೆಲೆಕೊಟ್ಟು ಮೊದಲೇ ಮಾರಿದವನು ಮೂರ್ಖನಾದನು, ಬಚ್ಚಿಟ್ಟವನು ಜಾಣನಾದನು. ಜೊತೆಗೆ, ಎಂಟು ತಿಂಗಳಲ್ಲಿ ಚಲಾವಣೆಯ ಕಾಗದದ ಹಣ ಹೆಚ್ಚುಕಡಿಮೆ ಎರಡರಷ್ಟಾಯಿತು. ಜನರು ‘ಕೆರೆಂಕಿ’ ಎಂದು ಕರೆದ 20 ಮತ್ತು 40 ರೂಬಲ್‌ಗಳ ಪುಟ್ಟ ನೋಟುಗಳಲ್ಲಿ ಕ್ರಮಸಂಖ್ಯೆಯೂ ಇರಲಿಲ್ಲ, ಯಾರ ಸಹಿಯೂ ಇರಲಿಲ್ಲ. ಸಹಿಯಿಲ್ಲದ ನೋಟೆಂದರೆ ಹೊಣೆಗಾರನಿಲ್ಲದ ವಾಗ್ದಾನ. ಸರಕಾರದ ಮಾತಿನ ಮೇಲೆ ವಿಶ್ವಾಸವೇ ಇಲ್ಲವಾದಾಗ ನೆರೆಯವನ ಮೇಲಿನ ವಿಶ್ವಾಸವೂ ಬಹುಕಾಲ ಉಳಿಯದು. ಗಾರ್ಕಿ ಕಂಡ ನೈತಿಕ ಕುಸಿತಕ್ಕೆ ಶತಮಾನಗಳ ಅಜ್ಞಾನವಷ್ಟೇ ಅಲ್ಲ, ಈ ಎಂಟು ತಿಂಗಳ ವಚನಭಂಗಗಳೂ ಕಾರಣವಾಗಿದ್ದವು.

ಮೂರನೆಯದಾಗಿ, ಅವನು ಸೂಚಿಸುವ ಪರಿಹಾರ ‘ಸಂಸ್ಕೃತಿ’ ಎಂಬ ಒಂದು ಪದ. ವಿಜ್ಞಾನ, ಕಲೆ, ವಿದ್ಯಾಭ್ಯಾಸ ಇವು ಮನುಷ್ಯನನ್ನು ಮೃದುಗೊಳಿಸುತ್ತವೆ ಎಂಬುದು ಅವನ ದೃಢ ನಂಬಿಕೆ. ಅದು ಅರ್ಧಸತ್ಯ. ಆ ವರ್ಷಗಳ ಯುರೋಪಿನಲ್ಲಿ ವಿಷಾನಿಲವನ್ನು ತಯಾರಿಸಿ ಯುದ್ಧರಂಗಕ್ಕೆ ಕಳುಹಿಸಿದವರು ಅವಿದ್ಯಾವಂತರಾಗಿರಲಿಲ್ಲ. ವಿದ್ಯೆಗೆ ಸಂಯಮದ ಜೊತೆಯಿಲ್ಲದಿದ್ದರೆ ಅದು ಕ್ರೌರ್ಯವನ್ನು ನಿವಾರಿಸುವುದಿಲ್ಲ, ಅದಕ್ಕೆ ಕೌಶಲವನ್ನು ಒದಗಿಸುತ್ತದೆ. ಈ ಭೇದವನ್ನು ಗಾರ್ಕಿ ಸ್ಪಷ್ಟವಾಗಿ ಗುರುತಿಸಿದ್ದರೆ ಅವನ ಮುಂದಿನ ಜೀವನವೂ ಬೇರೆಯಾಗುತ್ತಿತ್ತೇನೋ.

ಏಕೆಂದರೆ ಈ ಕೃತಿಯ ಅತ್ಯಂತ ಕಠಿಣ ಟೀಕೆ ಅದರ ಕರ್ತೃವಿನ ಬದುಕಿನಲ್ಲಿಯೇ ಇದೆ. 1918ರ ಆಗಸ್ಟ್ 30ರಂದು ಲೆನಿನ್‌ನ ಮೇಲೆ ಗುಂಡಿನ ದಾಳಿಯಾದ ಬಳಿಕ ಗಾರ್ಕಿ ಹೊಸ ಆಳ್ವಿಕೆಯೊಡನೆ ಸಂಧಾನ ಮಾಡಿಕೊಂಡನು. ಅದರಿಂದ ಒಳಿತೂ ಆಯಿತು: ಹಸಿವಿನ ವರ್ಷಗಳಲ್ಲಿ ಅನೇಕ ವಿದ್ವಾಂಸರ, ಲೇಖಕರ ಪ್ರಾಣವನ್ನು ಅವನು ಉಳಿಸಿದನು. 1921ರ ಭೀಕರ ಕ್ಷಾಮದಲ್ಲಿ ಜಗತ್ತಿನ ನೆರವನ್ನು ಯಾಚಿಸಿದನು, ನೆರವೂ ಬಂದಿತು. ಅದೇ ವರ್ಷ ದೇಶವನ್ನು ತೊರೆದವನು 1928ರಿಂದ ಹೋಗಿಬಂದು ಮಾಡುತ್ತ ಕೊನೆಗೆ ಸ್ಟಾಲಿನ್‌ನ ರಷ್ಯದಲ್ಲಿ ನೆಲೆಸಿದನು. 1929ರಲ್ಲಿ ಸೊಲೊವ್‌ಕಿ ದ್ವೀಪದ ಬಂದೀಶಿಬಿರವನ್ನು ನೋಡಿ ಪ್ರಶಂಸೆಯ ಲೇಖನ ಬರೆದನು. 1930ರಲ್ಲಿ, ಶರಣಾಗದ ಶತ್ರುವನ್ನು ನಾಶಗೊಳಿಸಬೇಕೆಂಬ ಅರ್ಥದ ಶಿರೋನಾಮೆಯುಳ್ಳ ಲೇಖನ ಪ್ರಕಟಿಸಿದನು. ಬಂದಿಗಳ ದುಡಿಮೆಯಿಂದ 1931ರಿಂದ 1933ರವರೆಗೆ ತೋಡಲಾದ, ಸಾವಿರಾರು ಜನ ಪ್ರಾಣತೆತ್ತ, ಶ್ವೇತಸಮುದ್ರದ ಕಾಲುವೆಯನ್ನು ಕೊಂಡಾಡುವ 1934ರ ಗ್ರಂಥಕ್ಕೆ ಸಂಪಾದಕರಲ್ಲೊಬ್ಬನಾದನು. ಜೀವಂತ ಮನುಷ್ಯರು ಪ್ರಯೋಗದ ದ್ರವ್ಯವಲ್ಲವೆಂದು ಬರೆದ ಅದೇ ಲೇಖನಿಯಿಂದ ಇದೂ ಬಂದಿತು.

ಇದಕ್ಕೆ ಭಯವೊಂದೇ ಕಾರಣವೆಂದರೆ ವಿವೇಚನೆ ಪೂರ್ಣವಾಗದು. 1917ರಲ್ಲಿ ಗಾರ್ಕಿಗೆ ತನ್ನದೇ ಪತ್ರಿಕೆಯಿತ್ತು, ತನ್ನದೇ ಓದುಗರಿದ್ದರು, ಆಳುವವರಿಂದ ಅವನು ಪಡೆದುದು ಏನೂ ಇರಲಿಲ್ಲ. 1932ರಲ್ಲಿ ಅವನು ಹುಟ್ಟಿದ ನಿಜ್ನಿ ನೊವ್‌ಗೊರೊದ್ ನಗರಕ್ಕೂ ಮಾಸ್ಕೋದ ಪ್ರಮುಖ ಬೀದಿಗೂ ಅವನ ಹೆಸರನ್ನೇ ಇಡಲಾಯಿತು. ಒಂದು ಕಾಲದಲ್ಲಿ ರ್ಯಾಬುಶಿನ್‌ಸ್ಕಿ ಎಂಬ ಧನಿಕ ವರ್ತಕ ಮನೆತನದ್ದಾಗಿದ್ದ ಮಾಸ್ಕೋದ ಭವ್ಯ ಗೃಹವು ಅವನ ನಿವಾಸವಾಯಿತು. ಸನ್ಮಾನವೂ ಒಂದು ಬಗೆಯ ಸಾಲ. ಅದನ್ನು ಸ್ವೀಕರಿಸಿದವನು ಎಂದಾದರೊಂದು ದಿನ ಮೌನದಿಂದಲಾದರೂ ತೀರಿಸಬೇಕಾಗುತ್ತದೆ. ಗಾರ್ಕಿಯು ಮೌನವನ್ನಷ್ಟೇ ಅಲ್ಲದೆ ಮಾತನ್ನೂ ಕೊಟ್ಟು ತೀರಿಸಿದನು.

ಹಾಗೆಂದು 1917ರ ಲೇಖನಗಳ ಮೌಲ್ಯ ಕುಂದುತ್ತದೆಯೇ? ಇಲ್ಲವೆಂದೇ ಹೇಳಬೇಕು. ನುಡಿದವನು ಮುಂದೆ ಜಾರಿದನೆಂಬ ಕಾರಣಕ್ಕೆ ನುಡಿದ ಸತ್ಯ ಅಸತ್ಯವಾಗುವುದಿಲ್ಲ. ಬದಲಾಗಿ, ಅವನ ಎರಡನೆಯ ಜೀವನವನ್ನು ಅಳೆಯಲು ಬೇಕಾದ ಅಳತೆಗೋಲನ್ನು ಅವನ ಮೊದಲ ಬರಹವೇ ಒದಗಿಸುತ್ತದೆ. ಸೋವಿಯತ್ ಅಧಿಕಾರಿಗಳಿಗೂ ಇದು ತಿಳಿದಿತ್ತೆಂದು ತೋರುತ್ತದೆ. 1918ರಲ್ಲಿ ಪೆಟ್ರೋಗ್ರಾಡಿನಲ್ಲಿ ಪುಸ್ತಕರೂಪ ತಾಳಿದ ಈ ಲೇಖನಗಳು ಗಾರ್ಕಿಯ ಮೂವತ್ತು ಸಂಪುಟಗಳ ಸಮಗ್ರ ಕೃತಿಶ್ರೇಣಿಯಲ್ಲಿಯೂ ಸ್ಥಾನ ಪಡೆಯಲಿಲ್ಲ. ಊರಿಗೆ ಅವನ ಹೆಸರನ್ನಿಟ್ಟವರು ಅವನ ಮಾತನ್ನು ಮಾತ್ರ ಎಪ್ಪತ್ತು ವರ್ಷ ಬಚ್ಚಿಟ್ಟರು. ರಷ್ಯದ ಓದುಗರಿಗೆ ತಮ್ಮ ದೇಶದಲ್ಲಿಯೇ ಇವು ಮತ್ತೆ ಮುದ್ರಣದಲ್ಲಿ ದೊರೆತುದು 1988ರಲ್ಲಿ.

ದೇಶವೊಂದರ ಮಹಾಕ್ರಾಂತಿಗೂ ಚಿಕ್ಕದೊಂದು ಸಂಸ್ಥೆಯ ಆಡಳಿತಕ್ಕೂ ಗಾತ್ರದಲ್ಲಿ ಸಾಮ್ಯವಿಲ್ಲ. ಆದರೆ ಪರೀಕ್ಷೆಯ ಸ್ವರೂಪ ಒಂದೇ. ಉದ್ದೇಶ ಒಳ್ಳೆಯದು, ಮಾಡುವವರು ನಮ್ಮವರು, ಸಮಯ ಬಿಕ್ಕಟ್ಟಿನದು: ಈ ಮೂರು ಮಾತುಗಳು ಒಟ್ಟಾಗಿ ಕೇಳಿಬಂದಾಗಲೇ ಲೆಕ್ಕವನ್ನು ಎರಡು ಬಾರಿ ನೋಡಬೇಕು. ಹಾಗೆ ನೋಡಿ ತಪ್ಪನ್ನು ಹೇಳಿದವನನ್ನು ದ್ರೋಹಿಯೆನ್ನದೆ ಕೇಳಿಸಿಕೊಳ್ಳುವ ತಾಳ್ಮೆ ಉಳಿದವರಲ್ಲಿಯೂ ಇರಬೇಕು. 1917ರ ಪೆಟ್ರೋಗ್ರಾಡಿನಲ್ಲಿ ಹೇಳುವವನೊಬ್ಬನಿದ್ದನು, ಕೇಳುವವರಿರಲಿಲ್ಲ. ಆ ಬಳಿಕ ಹೇಳುವವನೂ ಉಳಿಯಲಿಲ್ಲ.